ಟಗರಿನ ಗಾಡಿ

“ಎಳೀರೋ ದಂಡಪಿಂಡಗಳಾ! ರೊಟ್ಟಿ ತಿಂದು ಬಂದಿದೀರೋ, ಮಣ್ಣು ತಿಂದು ಬಂದಿದೀರೋ?”

ಫೈಟ್ ಮಾಸ್ಟರ್ ಬೆಂಗಳೂರಿನವನು. ಅವನ ಬಾಕಿ ಮಾತು ನಮಗೆ ಅರ್ಧಂಬರ್ಧ ತಿಳಿಯುತ್ತಿತ್ತು, ಬಯ್ಗುಳ ಮಾತ್ರ ಚೆನ್ನಾಗಿ ತಿಳಿಯುತ್ತಿತ್ತು. ಮಾಡಗ್ಯಾಳದ ಹೊರಗಿನ ಬೋಳು ದಿನ್ನೆಯ ಮೇಲೆ, ಒಂದು ಇಟ್ಟಂಗಿ ಗೋಡೆಯ ಹಿಂದೆ, ಗಂಡಸರು ಹೆಂಗಸರು ಕೂಡಿ ನಾವೊಂದಿಷ್ಟು ಕೂಲಿ ಮಂದಿ ಹಗ್ಗ ಹಿಡಿದು ನಿಂತಿದ್ದೆವು. ಹಗ್ಗದ ಆ ತುದಿ ಗೋಡೆಯ ಕಿಂಡಿಯಲ್ಲಿ ಹಾಯ್ದು ಆಚೆ ನಿಂತ ಮೌಲಾಲಿಯ ಸೊಂಟದ ಪಟ್ಟಿಗೆ ಕಟ್ಟಿತ್ತು. ನಾವು ಹಗ್ಗ ಹಿಡಿದು ಓಡಬೇಕು, ಮೌಲಾಲಿ ಹಿಮ್ಮುಖವಾಗಿ ಹಾರಿ ಬಂದು ಗೋಡೆ ಒಡೆದುಕೊಂಡು ಈಚೆ ಬೀಳಬೇಕು. ಸಿನಿಮಾದಲ್ಲಿ ಅದು ಹೀರೋನಿಗೆ ಟಗರು ಗುದ್ದಿದ ಹಾಗೆ ಕಾಣುತ್ತದಂತೆ. ಎಳೆಯಲೆಂದು ತಂದ ಯಂತ್ರ ಬೆಳಿಗ್ಗೆಯೇ ಕೆಟ್ಟು ಕೂತಿತ್ತು. ಅದರ ಬದಲಿಗೆ ಗುತ್ತೇದಾರ ಅಪ್ಪಾಸಾಹೇಬ ನಮ್ಮನ್ನು ಹಿಡಿದು ತಂದಿದ್ದ. ನಾವು ಕೆಟ್ಟರೆ ರಿಪೇರಿ ಮಾಡಿಸುವ ಗೋಜಿಲ್ಲ.

ನನ್ನ ಮುಂದೆ ಹಗ್ಗ ಹಿಡಿದವಳು ಇಸ್ಮತ, ಮೌಲಾಲಿಯ ಹೆಂಡತಿ. ಗಂಡನನ್ನು ಗೋಡೆಗೆ ಬಡಿಯುವುದು ಆಕೆಯ ಆವತ್ತಿನ ಕೂಲಿ.

“ಹಳೇ ಸಿಟ್ಟ ಏನರ ಇದ್ರ ಇವತ್ತ ತೀರಿಸ್ಕೊಂಡ ಬಿಡವಾ,” ಎಂದು ನಾನು ಬೆಳಿಗ್ಗೆ ಚಾಷ್ಟಿ ಮಾಡಿದ್ದೆ.

“ಅದಕ್ಕ ಒಂದ ಗೋಡಿ ಸಾಲೂದಿಲ್ಲ ಹಾಲವ್ವಕ್ಕಾ,” ಎಂದು ಆಕೆಯೂ ನಕ್ಕಿದ್ದಳು.

ಮೌಲಾಲಿ ಗೌಂಡಿ. ಎತ್ತರ, ಮೈಕಟ್ಟು ಹೀರೋನದೇ ಅಳತೆ, ಅದಕ್ಕೇ ಸಿಕ್ಕಿಬಿದ್ದ. ಆ ಗೋಡೆಯನ್ನು ಕಟ್ಟಿದವನೂ ಅವನೇ. “ಸುಮ್ನೆ ಇಟ್ಟಿಗೆ ಜೋಡಿಸು, ಮುಟ್ಟಿದ್ರೆ ಬೀಳ್ಬೇಕು,” ಎಂದು ಮಾಸ್ಟರ್ ಹೇಳಿದ್ದ. ಹುಟ್ಟಿದಾಗಿನಿಂದ ಬೀಳದ ಗೋಡೆ ಕಟ್ಟಿದ ಕೈ ಅದು, ಬೀಳುವುದನ್ನು ಎಲ್ಲಿಂದ ಕಲಿಯಬೇಕು? ಮೊದಲ ಸಲ ಎಳೆದಾಗ ಮೌಲಾಲಿ ಬಡಿದು ಬಿದ್ದ, ಗೋಡೆ ಜಪ್ಪೆನ್ನಲಿಲ್ಲ. ಬಯ್ಗುಳ ಬಿದ್ದದ್ದು ನಮಗೆ.

“ನಿಮ್ಮ ಕಂಪೂಟರಿನಾಗ ಟಗರ ಮಾಡ್ತೀರಂತ. ಹಂಗ ಒಬ್ಬ ಮನಷ್ಯಾನ್ನೂ ಮಾಡ್ರಲಾ,” ಎಂದೆ ಮಾಸ್ಟರನಿಗೆ.

“ಕಂಪ್ಯೂಟರ್ ಮನುಷ್ಯ ಬಿದ್ರೆ ಹತ್ತಿ ಗೊಂಬೆ ಬಿದ್ದಂಗಿರುತ್ತೆ ಕಣಮ್ಮ. ಜನಕ್ಕೆ ನಿಜವಾದ ಪೆಟ್ಟು ಬೇಕು.”

“ಮತ್ತ ನಿಜವಾದ ಟಗರ ಅಲ್ಲೇ ಮಕ್ಕೊಂಡೈತಲಾ?”

“ಅಯ್ಯೋ, ಅದರ ಕೂದಲು ಕೊಂಕಿದ್ರೂ ನಮ್ಮ ಕಥೆ ಮುಗೀತು!”

ಟಗರು ನಮ್ಮೂರ ಸೋಮನಿಂಗಪ್ಪನ ಕುರಿಹಿಂಡಿನದು, ಹೆಸರು ಸರ್ಜಾ. ಗಿಣಿಮೂಗು, ಬಿಳಿ ಮೈಗೆ ಕಂದು ಮಚ್ಚೆ, ಸೊಕ್ಕಿಗೆ ಕಡಿಮೆಯಿಲ್ಲ. ಡೇರೆಯ ನೆರಳಲ್ಲಿ ಹುಲ್ಲಿನ ಮೆತ್ತೆಯ ಮೇಲೆ ಮೆಲುಕು ಹಾಕುತ್ತಿತ್ತು. ಕೊರಳಲ್ಲಿ ಕೆಂಪು ದಾರಕ್ಕೆ ಹಳದಿ ಬಿಲ್ಲೆ, ತಪಾಸಣೆ ಆದ ಗುರುತು. ಪಕ್ಕದಲ್ಲಿ ಜನಾವರ ಡಾಕ್ಟರು, ಮಹಾಂತ ಅಂತ. ಡೇರೆಯ ಹಿಂದೆ ಅದಕ್ಕೆಂದೇ ಒಂದು ಗಾಡಿ. ಜನಾವರಕ್ಕೆ ಪೆಟ್ಟಾಗಿದೆ ಎಂದು ಡಾಕ್ಟರು ಬಾಯಿ ಬಿಟ್ಟರೆ ಶೂಟಿಂಗ್ ನಿಲ್ಲಬೇಕು, ಗಾಡಿ ಹೊರಡಬೇಕು, ಹಾಗೆ ಕಾನೂನಿದೆಯಂತೆ. ಅದಕ್ಕೇ ಸರ್ಜಾ ಬರೀ ನಿಂತು ಗುರಾಯಿಸಿದರೆ ಸಾಕಿತ್ತು. ಗುದ್ದುವ ಕೆಲಸ ಆಮೇಲೆ ಕಂಪ್ಯೂಟರಿನದು.

ಅತ್ತ ಹೀರೋ ಛತ್ರಿಯ ಕೆಳಗೆ ಕೂತು, ಜತ್ತದಿಂದ ಬಂದ ಯೂಟ್ಯೂಬಿನವರ ಮೊಬೈಲಿಗೆ ಮುಖ ಕೊಟ್ಟಿದ್ದ.

“ನನ್ನ ಫೈಟಲ್ಲಿ ಡೂಪ್ ಇಲ್ಲ, ಕಂಪ್ಯೂಟರ್ ಇಲ್ಲ. ಬೀಳೋನೂ ನಾನೇ, ಏಳೋನೂ ನಾನೇ!”

ಅವರು ಚಪ್ಪಾಳೆ ಹೊಡೆದರು. ಹೀರೋನಂಥದೇ ಅಂಗಿ ತೊಟ್ಟ ಮೌಲಾಲಿಯನ್ನು ಅಷ್ಟು ಹೊತ್ತು ಗೋಡೆಯ ಮರೆಯಲ್ಲಿ ಕುಕ್ಕರುಗಾಲಲ್ಲಿ ಕೂರಿಸಿದ್ದರು.

ಮಾಸ್ಟರ್ ಕೈ ಎತ್ತಿದ. ಎರಡನೇ ಸಲ ಎಳೆದೆವು.

ಲಟಕ್ ಎಂದಿತು. ಇಟ್ಟಂಗಿಯ ಸಪ್ಪಳವಲ್ಲ ಅದು. ಇಸ್ಮತ ಹಗ್ಗ ಬಿಟ್ಟು ಗೋಡೆ ಸುತ್ತಿ ಓಡಿದಳು, ಅವಳ ಹಿಂದೆ ನಾನು. ಗೋಡೆಯ ಮೇಲಿನ ನಾಲ್ಕು ಸಾಲು ಮಾತ್ರ ಉದುರಿತ್ತು. ಮೌಲಾಲಿ ಬುಡದಲ್ಲಿ ಕೂತು, “ಏನಾಗಿಲ್ಲ, ಏನಾಗಿಲ್ಲ,” ಎನ್ನುತ್ತಿದ್ದ. ಎಡಗೈ ಜೋತುಬಿದ್ದಿತ್ತು, ಹೆಗಲ ಎಲುಬು ಚರ್ಮವನ್ನು ಒಳಗಿಂದ ನೂಕುತ್ತಿತ್ತು.

“ಇಷ್ಟ ಬಿಗಿ ಗೋಡಿ ಯಾಕ ಕಟ್ಟಿದಿ ಹುಚ್ಚಾ!” ಎಂದು ಇಸ್ಮತ ಅತ್ತಳು. ಪಾಪ, ಬೇರೆ ಯಾರನ್ನು ಬಯ್ಯಬೇಕೆಂದು ಅವಳಿಗೆ ತೋಚಲಿಲ್ಲ.

“ಸೂಪರ್!” ಎಂದ ಮಾಸ್ಟರ್. “ಆದ್ರೆ ಗೋಡೆ ಪೂರ್ತಿ ಒಡೀಲಿಲ್ಲ. ಇನ್ನೊಂದೇ ಒಂದು ಸಲ.”

“ಏಯ್ ಮೌಲ್ಯಾ, ನಾಟಕ ಸಾಕ, ಏಳಲೇ ಸೂಳಿಮಗನ,” ಎಂದ ಅಪ್ಪಾಸಾಹೇಬ. “ನಿನ್ನ ಬದಲಿ ಬೀಳಾಕ ಉಮದಿ ಊರಾಗ ಮಂದಿ ಪಾಳಿ ಹಚ್ಚಿ ನಿಂತಾರ.”

“ಪಾಳ್ಯಾಗ ಮೊದಲ ನೀವ ನಿಂದರ್ರಿ ಅಪ್ಪಾಸಾಹೇಬ್ರ,” ಎಂದೆ.

ಇಸ್ಮತ ಡೇರೆಗೆ ಓಡಿದಳು. ಡಾಕ್ಟರು ಸಪ್ಪಳಕ್ಕೆ ಬೆಚ್ಚಿದ ಟಗರಿನ ಎದೆ ಮುಟ್ಟಿ ನೋಡುತ್ತಿದ್ದರು.

“ಸಾಹೇಬ್ರ, ಒಂಚೂರ ನಮ್ಮವರನ್ನ ನೋಡ್ರಿ.”

“ನಾ ಜನಾವರ ಡಾಕ್ಟರ ಅದೀನಿ ಯವ್ವಾ. ಮನಷ್ಯಾನ್ನ ಮುಟ್ಟಿದ್ರ ನೌಕರಿ ಹೋಗ್ತದ. ಲಗೂನ ಜತ್ತದ ದವಾಖಾನಿಗಿ ಒಯ್ರಿ.”

“ಹ್ಯಾಂಗ ಒಯ್ಲಿರಿ? ಈ ಗಾಡಿ ಕೊಡ್ರಿ.”

ಡಾಕ್ಟರು ತಲೆ ತಗ್ಗಿಸಿದರು. “ಅದು ಟಗರಿಂದು. ಮನಷ್ಯಾರನ್ನ ಹತ್ತಸಂಗಿಲ್ಲ.”

ಮೌಲಾಲಿ ಎದ್ದುಬಿಟ್ಟಿದ್ದ. “ಬಿಡ ಇಸ್ಮತ. ಇನ್ನೊಂದ ಸಲಾ ಬೀಳ್ತೀನಿ. ಆಮ್ಯಾಲ ಸಂಜೀ ಬಸ್ಸಿಗಿ ಹೋಗೂಣು.”

ಪಟ್ಟಿಗೆ ಮತ್ತೆ ಹಗ್ಗ ಬಿಗಿದರು. ಇಸ್ಮತ ಬಂದು ನನ್ನ ಮುಂದೆಯೇ ನಿಂತಳು. ಕಣ್ಣೀರು ಇನ್ನೂ ಸುರಿಯುತ್ತಿತ್ತು. ಆದರೂ ಹಗ್ಗ ಹಿಡಿದಳು ನೋಡಿ, ಅದು ನೋಡಿ ನನ್ನ ಮೈಯೆಲ್ಲ ಉರಿದುಹೋಯಿತು. ಈ ಸಲ ಎಳೆದರೆ ಮೌಲಾಲಿ ಮತ್ತೆಂದೂ ಗಾರೆಯ ಕರಣಿ ಹಿಡಿಯುವುದಿಲ್ಲ, ಅದು ನಮಗೆಲ್ಲ ಗೊತ್ತಿತ್ತು. ನಾನು ಹಗ್ಗ ನೆಲಕ್ಕೆ ಒಗೆದೆ.

“ಎತ್ತು ಹಾಲವ್ವಾ!” ಅಪ್ಪಾಸಾಹೇಬ ಹಲ್ಲು ಕಡಿದ.

ನಾನು ಡೇರೆಗೆ ನಡೆದೆ, ಸರ್ಜಾನ ಕೊರಳಿನ ದಾರ ಬಿಚ್ಚಿದೆ, ತಂದು ಮೌಲಾಲಿಯ ಕೊರಳಿಗೆ ಕಟ್ಟಿದೆ.

“ಡಾಕ್ಟರ, ಬರ್ರಿ. ಇದೂ ಜನಾವರ ಆತು. ಈಗ ಮುಟ್ರಿ.”

“ಹುಚ್ಚ ಹಿಡದೈತೇನ ನಿನಗ?” ಎಂದ ಅಪ್ಪಾಸಾಹೇಬ.

ಹೌದೆಂದು ಹೇಳುವ ಬದಲು ಸೀರೆ ಸಿಕ್ಕಿಸಿ, ಮೊಣಕಾಲೂರಿ, ನಾಲ್ಕು ಕಾಲಿನ ಮೇಲೆ ನಿಂತೆ. ಅವನ ಹೊಳೆಯುವ ಬೂಟಿನ ಹತ್ತಿರ ಬಾಯಿ ಒಯ್ದು ಕೂಗಿದೆ: “ಬ್ಯಾ!”

ಇಸ್ಮತ ಕಣ್ಣೊರೆಸಿಕೊಂಡು ನನ್ನ ಪಕ್ಕ ನೆಲಕ್ಕೂರಿದಳು. “ಬ್ಯಾ!” ಆಮೇಲೆ ಹಗ್ಗ ಹಿಡಿದವರೆಲ್ಲ ಒಬ್ಬೊಬ್ಬರಾಗಿ ಕೆಳಗಿಳಿದರು. ಕುರಿಯ ಜೊತೆಯೇ ಬೆಳೆದ ಮಂದಿ ನಾವು, ನಮ್ಮ ಕೂಗಿನಲ್ಲಿ ತಪ್ಪು ಹುಡುಕುವ ಹಾಗಿಲ್ಲ. ಸರ್ಜಾ ಕೂಡ ಕಿವಿ ನಿಮಿರಿಸಿ ಎದ್ದು ನಿಂತು ಉತ್ತರ ಕೊಟ್ಟಿತು. ದಿನ್ನೆ ತುಂಬ ಬ್ಯಾ ಬ್ಯಾ.

“ನಗಸಬ್ಯಾಡ್ರೇ, ಎಲಬ ನೋಯ್ತೈತಿ,” ಎಂದು ಮೌಲಾಲಿ ನಗುತ್ತ ಅಳುತ್ತಿದ್ದ.

ಮಾಸ್ಟರ್ ಸೌಂಡಿನವನ ಕಡೆ ತಿರುಗಿದ. “ಕಂಪ್ಯೂಟರಲ್ಲಿ ಹಗ್ಗಾನೇ ಅಳಿಸ್ತಾರೆ, ನೀವು ಈ ಕೂಗು ಅಳಿಸೋಕಾಗಲ್ವೇನ್ರೀ?”

“ಆಗುತ್ತೆ ಸಾರ್. ಮೊದಲು ಅವರು ನಿಲ್ಲಿಸ್ಬೇಕಲ್ಲ.”

ನಾವು ನಿಲ್ಲಿಸಲಿಲ್ಲ. ಡಾಕ್ಟರು ಮೆಲ್ಲಗೆ ಬಂದರು. ಹಳದಿ ಬಿಲ್ಲೆಯನ್ನು ತಿರುವಿ ನೋಡಿದರು, ಆಮೇಲೆ ಮೊಣಕಾಲೂರಿ ಮೌಲಾಲಿಯ ಹೆಗಲು ಮುಟ್ಟಿದರು. ಎದ್ದು ಎಲ್ಲರಿಗೂ ಕೇಳುವ ಹಾಗೆ ಹೇಳಿದರು.

“ಜನಾವರಕ್ಕ ಪೆಟ್ಟಾಗೈತಿ. ಶೂಟಿಂಗ ಬಂದ್. ಡ್ರೈವರ, ಗಾಡಿ ತಗಿ.”

ಮೌಲಾಲಿ, ಇಸ್ಮತ ಗಾಡಿಯಲ್ಲಿ ಹಾಸಿದ್ದ ಹುಲ್ಲಿನ ಮೇಲೆ ಕೂತು ಜತ್ತದ ಹಾದಿ ಹಿಡಿದರು. ನಮ್ಮವರು ಹೋ ಎಂದು ಕೂಗಿದರು. ನನಗೆ ಕೂಗು ಬರಲಿಲ್ಲ. ಮನುಷ್ಯ ಎಂದು ಅವನನ್ನು ಹತ್ತಿಸಿಕೊಳ್ಳಲಿಲ್ಲವಲ್ಲ.

“ಏನ್ರೀ ತಮಾಷೆ ಇದು? ನನ್ನ ಇಡೀ ದಿನ ಹಾಳಾಯ್ತು!” ಛತ್ರಿಯ ಕೆಳಗಿಂದ ಹೀರೋ ಎದ್ದು ಬಂದ. ಮೊಬೈಲು ಹಿಡಿದವರೂ ಅವನ ಹಿಂದೆಯೇ ಬಂದರು.

ಬಿಚ್ಚಿ ಬಿದ್ದಿದ್ದ ಸೊಂಟದ ಪಟ್ಟಿಯ ಧೂಳು ಜಾಡಿಸಿ ನಾನು ಅವನ ಮುಂದೆ ಹಿಡಿದೆ.

“ಯಾಕ ಹಾಳ ಆಗ್ಬೇಕರಿ ಸಾಹೇಬ್ರ? ಬೀಳಾವರೂ ನೀವ, ಏಳಾವರೂ ನೀವ ಅಂದ್ರಲಾ. ಬರ್ರಿ, ಕಟಗೋರಿ.”

ಮೊಬೈಲುಗಳೆಲ್ಲ ಒಮ್ಮೆಗೇ ಮೇಲೆದ್ದವು. ಹೀರೋ ಮಾಸ್ಟರನ ಮುಖ ನೋಡಿದ, ಮಾಸ್ಟರ್ ಗೋಡೆಯ ಮುಖ ನೋಡಿದ. ಮೌಲಾಲಿ ಕಟ್ಟಿದ ಗೋಡೆ ಇನ್ನೂ ಎದೆಮಟ್ಟ ನಿಂತೇ ಇತ್ತು. ಅದರ ಹಿಂದೆ ನಮ್ಮ ಮಂದಿ ಅಂಗೈಗೆ ಉಗುಳಿಕೊಂಡು ಹಗ್ಗ ಎತ್ತಿಕೊಂಡರು.

“ಲಗೂನ ಬರ್ರಿ,” ಎಂದೆ. “ರೊಟ್ಟಿ ತಿಂದ ಬಂದೀವಿ.”