ದಡದಲ್ಲೇ ಉಳಿದ ಮಗಳು

ಕೇರಳದ ಕುಟ್ಟನಾಡಿನ ಶೈಲಜಳಿಗೆ ತಲೆಬುಡ ಅರ್ಥವಾಗುತ್ತಿರಲಿಲ್ಲ. ಮಗಳು ಅನಘ ವಾಚನಾಲಯದ ಬೇಸಿಗೆ ಶಿಬಿರಕ್ಕೆ ಹೋಗುತ್ತಿದ್ದಳು. ಮನೆಗೆ ಬಂದವಳೇ ಕಾಲುವೆಯ ದಡದಲ್ಲಿ ಬೋರಲು ಮಲಗಿ, ದೋಣಿ ನೂಕುವ ಉದ್ದನೆಯ ಕೋಲನ್ನು ನೀರಿನತ್ತ ಚಾಚುತ್ತಿದ್ದಳು. ಮೀನು ಹಿಡಿಯುವುದೂ ಅಲ್ಲ, ದೋಣಿ ನಡೆಸುವುದೂ ಅಲ್ಲ. ಇದೆಂಥ ಕಲಿಕೆ?

ಶಿಬಿರ ನಡೆಸುವ ಜೆಸ್ಸಿಯನ್ನು ಎಲ್ಲರೂ ಚೇಚಿ, ಅಂದರೆ ಅಕ್ಕ, ಎನ್ನುತ್ತಿದ್ದರು. ಅವಳು ಮನೆಗೆ ಮರಗೆಣಸು ಕೊಳ್ಳಲು ಬಂದಾಗ ಶೈಲಜ ಕೇಳಿಯೇಬಿಟ್ಟಳು.

“ಅಲ್ಲ ಚೇಚಿ, ನಾನು ಬೆಟ್ಟದೂರಿಂದ ಸೊಸೆಯಾಗಿ ಬಂದವಳು, ಈಜು ಬರಲ್ಲ, ಸರಿ. ಇವಳು ನಡೆಯೋಕೂ ಮುಂಚೆ ಈಜಿದವಳು. ಇವಳಿಗೇನು ಕಲಿಸ್ತೀರಿ?”

“ನೀರಿಗೆ ಹಾರದೆ ಇರೋದನ್ನ.”

“ಯಾರಾದ್ರೂ ಮುಳುಗ್ತಿದ್ರೆ?”

“ಆಗಲೇ ಹಾರಬಾರದು. ಕೂಗಿ ಜನ ಕರೀಬೇಕು. ದಡದಲ್ಲೇ ಮಲಗಿ ಕೋಲು ಚಾಚಬೇಕು. ಇಲ್ಲ, ಹಗ್ಗ ಕಟ್ಟಿದ ಖಾಲಿ ಕ್ಯಾನ್ ಎಸೀಬೇಕು.”

ಶೈಲಜಳ ಮುಖ ಬಿಗಿಯಿತು. ಅವಳ ಮೈದುನ ಅಜಿತ ಗೆಳೆಯನನ್ನು ಉಳಿಸಲು ಹಾರಿದವನು. ಇಬ್ಬರೂ ಮೇಲೆ ಬರಲಿಲ್ಲ. ಅವನ ಹೆಸರಲ್ಲಿ ಊರವರು ಇಂದಿಗೂ ದೋಣಿ ಪಂದ್ಯ ನಡೆಸುತ್ತಾರೆ.

“ನೋಡ್ತಾ ನಿಂತವರ ಮುಖಾನೂ ನೋಡಲ್ಲ ಇಲ್ಲಿ. ನನ್ನ ಮಗಳನ್ನ ಹೇಡಿ ಮಾಡಬೇಡಿ.”

“ಯಾಕೆ, ಅಜಿತನಿಗೆ ಈಜು ಬರ್ತಿರ್ಲಿಲ್ವಾ?” ಎಂದು ಜೆಸ್ಸಿ ಮೆಲ್ಲಗೆ ಕೇಳಿದಳು.

ಶೈಲಜ ಮರಗೆಣಸು ತೂಗಿ ಕೊಟ್ಟು ಒಳಗೆ ಹೋದಳು. ಅವನಷ್ಟು ಚೆನ್ನಾಗಿ ಈಜುವವರು ಊರಲ್ಲೇ ಇರಲಿಲ್ಲ. ಹಾಗಾದರೆ ಮುಳುಗಿದ್ದು ಹೇಗೆ? ರಾತ್ರಿ ಊಟ ಮಾಡುವಾಗಲೂ ಅದೇ ಗೊಂದಲ.

ಮರುದಿನ ಕಾಲುವೆಯಲ್ಲಿ ಪಾತ್ರೆ ತೊಳೆಯುತ್ತಿದ್ದಾಗ ಪಾಚಿ ಕಟ್ಟಿದ ಮೆಟ್ಟಿಲ ಮೇಲೆ ಕಾಲು ಜಾರಿ ಅವಳು ನೀರಿಗೆ ಬಿದ್ದಳು. ಮೂಗು ಬಾಯಿಗೆಲ್ಲ ನೀರು ನುಗ್ಗಿತು. ದಡದಲ್ಲಿ ಅನಘ ಕಂಡಳು. ಅವಳು ಹಾರಲಿಲ್ಲ. ಯಾಕೆ ಬರುತ್ತಿಲ್ಲ ಇವಳು? ಹೆತ್ತ ಮಗಳೇ ನೋಡುತ್ತ ನಿಂತಳೇ?

“ಯಾರಾದ್ರೂ ಬನ್ನಿ” ಎಂದು ಕಿರುಚಿಕೊಂಡು ಅನಘ ಬೋರಲು ಮಲಗಿದಳು. “ಅಮ್ಮಾ, ಕೋಲು ಹಿಡ್ಕೋ. ಕೋಲು.”

ಶೈಲಜಳ ಕೈಗೆ ಏನೋ ತಾಗಿತು. ಅದನ್ನೇ ಗಟ್ಟಿಯಾಗಿ ಅವುಚಿಕೊಂಡಳು. ಅಕ್ಕಪಕ್ಕದವರು ಓಡಿಬಂದು ಮೇಲೆಳೆದರು. ದಡ ಸೇರಿದ ಮೇಲೂ ಅವಳ ಬೆರಳುಗಳು ಕೋಲು ಬಿಡಲಿಲ್ಲ. ಇಬ್ಬರು ಸೇರಿ ಒಂದೊಂದಾಗಿ ಬಿಡಿಸಬೇಕಾಯಿತು.

ಶೈಲಜ ತನ್ನ ಕೈಗಳನ್ನು ನೋಡಿಕೊಂಡಳು. ಆಮೇಲೆ ಮಗಳ ಎಳೆಯ ಕುತ್ತಿಗೆಯನ್ನು ನೋಡಿದಳು.

“ನೀನು ಹಾರಿದ್ರೆ ಈ ಕೈ ನಿನ್ನ ಕುತ್ತಿಗೆಗೇ ಬೀಳ್ತಿತ್ತಲ್ಲ ಮೋಳೇ, ಅಜಿತನ ಹಾಗೆ ಇಬ್ರೂ ಮುಳುಗ್ತಿದ್ವಲ್ಲ” ಎಂದು ಅವಳನ್ನು ತಬ್ಬಿಕೊಂಡು ಗಳಗಳನೆ ಅತ್ತಳು.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮೂರಲ್ಲೂ ಕೆರೆಯೋ ಹೊಳೆಯೋ ಇರುತ್ತದೆ. ಈ ರಜೆಯಲ್ಲಿ ಮಕ್ಕಳನ್ನು ಇಂಥ ಶಿಬಿರಕ್ಕೆ ಕಳಿಸಿ. ಯಾರಾದರೂ ನೀರಿಗೆ ಬಿದ್ದರೆ ಜನರನ್ನು ಕೂಗಿ, ದಡದಲ್ಲೇ ಮಲಗಿ ಕೋಲು ಚಾಚಿ, ಇಲ್ಲವೇ ಹಗ್ಗ ಎಸೆಯಿರಿ. ನೀವು ಮಾತ್ರ ಹಾರಬೇಡಿ. ಕೆರೆಯ ದಡದಲ್ಲಿ ಎಲ್ಲರ ಕೈಗೆ ಸಿಗುವಂತೆ ಒಂದು ಉದ್ದನೆಯ ಕೋಲನ್ನು ಇವತ್ತೇ ಇಟ್ಟು ಬನ್ನಿ.