ರಾಣಿಗೆ ಎಲ್ಲಿಯ ಆಲೂಗಡ್ಡೆ

ಮೂರನೆಯ ಉಂಡೆಯೂ ಎಣ್ಣೆಯಲ್ಲಿ ಬಿಚ್ಚಿಕೊಂಡಿತು. ಮೊದಲು ಅಂಚಿನಲ್ಲಿ ಸಣ್ಣದೊಂದು ಬಿರುಕು, ಅದರ ಸುತ್ತ ಗುಳ್ಳೆಗಳು, ಆಮೇಲೆ ಇಡೀ ಉಂಡೆ ನೀರಿಗೆ ಬಿದ್ದ ಮಣ್ಣಿನ ಹೆಂಟೆಯ ಹಾಗೆ ಹರಡಿ ಬಾಣಲೆಯ ತಳ ಸೇರಿತು. ಇಸ್ನಾ ಜಾಲರಿ ಸೌಟಿನಲ್ಲಿ ಚೂರುಗಳನ್ನು ಎತ್ತಿ ತಟ್ಟೆಗೆ ಸುರಿದು ಒಲೆ ಆರಿಸಿದಳು.

"ಒಲೆ ಯಾಕೆ ಆರಿಸಿದೆ?" ಹಿತ್ತಲ ಬಾಗಿಲಿಗೆ ಅಡ್ಡವಾಗಿ ಕುರ್ಚಿ ಹಾಕಿಕೊಂಡು ಕೂತಿದ್ದ ಅವಳ ತಾಯಿ ತರ್ವಿಯಾ ಕೇಳಿದಳು.

"ಬೇಯಿಸಿದ ಆಲೂಗಡ್ಡೇಲಿ ನೀರಿರುತ್ತೆ, ಮಾಕ್. ಎಣ್ಣೆಗೆ ಬಿದ್ದ ತಕ್ಷಣ ಅದು ಆವಿಯಾಗಿ ಒಳಗಿಂದ ಒದೆಯುತ್ತೆ. ಒಡೀದೆ ಇನ್ನೇನಾಗುತ್ತೆ? ಹೆಚ್ಚಿ, ಕರಿದು, ಆಮೇಲೆ ಕುಟ್ಟಿದ್ರೆ ನಿಲ್ಲುತ್ತೆ. ಇಲ್ಲಾಂದ್ರೆ ಮೊಟ್ಟೇಲಿ ಅದ್ದೋಕಾದ್ರೂ ಬಿಡು."

"ರಾಣಿ ಬೇಯಿಸಿದಳು. ಮೊಟ್ಟೇಲಿ ಅದ್ದಲಿಲ್ಲ."

"ರಾಣೀದು ಒಡೀಲಿಲ್ವಾ?"

"ರಾಣೀದು ಯಾಕೆ ಒಡೆಯುತ್ತೆ?"

ಇಸ್ನಾ ಬಾಣಲೆಯ ಎಣ್ಣೆ ಸೋಸತೊಡಗಿದಳು. ತೆಗಲ್ ಊರಿನ ಶಾಲೆಯಲ್ಲಿ ಅವಳು ಮಕ್ಕಳಿಗೆ ರಸಾಯನಶಾಸ್ತ್ರ ಕಲಿಸುತ್ತಾಳೆ. ಹೇಳಿದ್ದನ್ನು ಮಾಡಿ ತೋರಿಸಿದರೆ ಎಂಥ ತುಂಟ ಹುಡುಗನೂ ಒಪ್ಪುತ್ತಾನೆ. ಅವಳು ಮಾಕ್ ಎಂದು ಕರೆಯುವ ಅಮ್ಮ ಮಾತ್ರ ಕಣ್ಣೆದುರಿಗೆ ಮೂರು ಉಂಡೆ ಒಡೆದರೂ ತಪ್ಪು ಮಗಳ ಕೈಯದು ಎನ್ನುತ್ತಾಳೆ.

ರಾಣಿ ವಿನಾರ್ಸಿ ರೇಡಿಯೋ ನಾಟಕದವಳು. ಇಸ್ನಾ ಹುಟ್ಟುವ ಹೊತ್ತಿಗೆ ಅದು ಜಾವಾದ ಅಂಗಡಿ ಅಂಗಡಿಗಳಲ್ಲೂ ದಿನಾ ಮಧ್ಯಾಹ್ನ ಮೊಳಗುತ್ತಿತ್ತಂತೆ: ಕುದುರೆ, ಕತ್ತಿ, ಮಂತ್ರವಾದಿ, ಸಿಂಹಾಸನಕ್ಕಾಗಿ ಬೇರೆಯಾದ ಅಕ್ಕತಂಗಿಯರು. ಕೊನೆಯ ಭಾಗದಲ್ಲಿ ಅಕ್ಕ ಸಮುದ್ರದಾಚೆಗೆ ದೇಶಭ್ರಷ್ಟಳಾಗಿ ಹೊರಡುತ್ತಾಳೆ. ಒಲೆಯ ಮುಖವನ್ನೇ ನೋಡದ ರಾಣಿ ಅಡುಗೆಮನೆಗೆ ಹೋಗಿ ತನ್ನ ಕೈಯಾರೆ ಅಡುಗೆ ಮಾಡಿ ಅಕ್ಕನಿಗೆ ಬಡಿಸುತ್ತಾಳೆ. ಉಪ್ಪು ಹಾಕಿದ ಬಾತುಮೊಟ್ಟೆಯೊಂದನ್ನು ಎರಡು ಹೋಳು ಮಾಡಿ ಒಂದು ಹೋಳು ಅಕ್ಕನ ಎಲೆಗಿಟ್ಟು, ಇನ್ನೊಂದನ್ನು ತಾನು ಇಟ್ಟುಕೊಳ್ಳುತ್ತಾಳೆ. ಈ ಅರ್ಧ ಮೊಟ್ಟೆಯ ಹತ್ತಿರ ಬಂದರೆ ಮಾಕ್‌ಳ ದನಿ ಈಗಲೂ ಒದ್ದೆಯಾಗುತ್ತದೆ. ನೆರೆಯವರು ಯಾರಾದರೂ "ನಾವೂ ಕೇಳಿದ್ವಲ್ಲ, ಅಂಥ ಊಟ ಎಲ್ಲಿತ್ತು?" ಅಂದರೆ, "ಅವತ್ತು ನಿಮ್ಮ ಬ್ಯಾಟರಿ ಮುಗಿದಿತ್ತು" ಎಂದು ಬಾಯಿ ಮುಚ್ಚಿಸುತ್ತಾಳೆ.

ನಾಳೆ ಬೆಳಿಗ್ಗೆ ಚಿಕ್ಕಮ್ಮ ಕುನಿಪಾ ಮಗನ ಜೊತೆ ಕಲಿಮಂತಾನ್‌ಗೆ ಹೊರಡುತ್ತಾಳೆ. ಹಡಗಿನ ದಾರಿ. ಮನೆ ಖಾಲಿ ಮಾಡಿಯಾಗಿದೆ, ಕೋಳಿಗಳನ್ನೂ ಕೊಟ್ಟಾಗಿದೆ. ಅವಳು ಇನ್ನು ವಾಪಸ್ಸು ಬರುವ ಮಾತಿಲ್ಲ. ಅದು ಗೊತ್ತಾದ ದಿನದಿಂದ ಮಾಕ್‌ಗೆ ಒಂದೇ ಜಪ. "ರಾಣಿ ಹೇಗೆ ಮಾಡಿದಳೋ ಹಾಗೇ ಮಾಡಿ ಕುನಿಗೆ ಬಡಿಸಬೇಕು. ಒಂದೂ ಬಿಡಬಾರದು, ಒಂದೂ ಹೆಚ್ಚಾಗಬಾರದು." ಮಂಡಿನೋವಿನಿಂದ ಮಾಕ್‌ಗೆ ನಿಂತು ಅಡುಗೆ ಮಾಡಲು ಆಗದು. ಆದ್ದರಿಂದ ಇಸ್ನಾ ರಜೆ ಹಾಕಿದಳು.

ರಜೆ ಹಾಕಿದ್ದೇ ತಪ್ಪಾಯಿತು. ರಾಣಿಯ ಕಾಲದಲ್ಲಿ ಗ್ಯಾಸ್ ಇರಲಿಲ್ಲ ಎಂದು ಮಾಕ್ ಇದ್ದಿಲ ಒಲೆ ಹಾಕಿಸಿದಳು. ಅದರ ಹೊಗೆಗೆ ತಾನೇ ಕೆಮ್ಮಿ ಕೆಮ್ಮಿ ಸಾಕಾಗಿ, "ಹೋಗಲಿ, ಗ್ಯಾಸೇ ಹಚ್ಚು, ಉರಿ ಮಾತ್ರ ಇದ್ದಿಲ ಹಾಗಿರಲಿ" ಅಂದಳು. ಪ್ಲಾಸ್ಟಿಕ್ ಡಬ್ಬಿಯಲ್ಲಿದ್ದ ಉಪ್ಪನ್ನು ಮಣ್ಣಿನ ಬೋಗುಣಿಗೆ ಸುರಿಸಿದಳು. ಸಿಹಿ ಸೋಯಾ ರಸದಲ್ಲಿ ಹುರಿಯಬೇಕಾದ ತೆಂಪೆಯನ್ನು, ಹುದುಗಿಸಿದ ಸೋಯಾಕಾಳಿನ ಆ ಬಿಲ್ಲೆಯನ್ನು, ಬೆಂಕಿಕಡ್ಡಿಯಷ್ಟು ತೆಳ್ಳಗೆ ಹೆಚ್ಚಿಸಿದಳು. ಶಾವಿಗೆ ತುಂಡಾಗಿದ್ದಕ್ಕೆ ಇನ್ನೊಂದು ಸಲ ಮಾಡಿಸಿದಳು. ನೀರುಬಸಳೆಯ ದಂಟು ದಪ್ಪವಾಯಿತೆಂದು ಸಂತೆಗೆ ಮತ್ತೆ ಓಡಿಸಿದಳು.

"ಮಾಕ್, ಒಂದು ಮಾತು ಕೇಳ್ತೀನಿ, ಸಿಟ್ಟಾಗಬೇಡ. ಆ ರಾಜ್ಯ ಆರು ನೂರು ಏಳು ನೂರು ವರ್ಷದ ಹಿಂದಿನದು. ಆಗ ಈ ದೇಶಕ್ಕೆ ಆಲೂಗಡ್ಡೆ ಬಂದೇ ಇರಲಿಲ್ಲ. ಮೆಣಸಿನಕಾಯೀನೂ ಬಂದಿರಲಿಲ್ಲ. ರಾಣಿಗೆ ಎಲ್ಲಿಯ ಆಲೂಗಡ್ಡೆ?"

"ನಮಗೆ ಇರಲಿಲ್ಲ ಅನ್ನು. ರಾಣಿಗೆ ಸಿಗಲ್ವಾ?"

"ಇಲ್ಲದೇ ಇದ್ದದ್ದು ರಾಣಿಗಾದ್ರೂ ಹೇಗೆ ಸಿಗುತ್ತೆ?"

"ನೊಕ್, ಮಗಳೇ, ನೀನು ಓದಿದ್ದು ನಿನ್ನ ಶಾಲೇಲಿ ಹೇಳು. ಇದನ್ನ ಕುನಿ ತನ್ನ ಕಿವಿಯಾರೆ ಕೇಳಿದ್ದಾಳೆ."

ಅದೂ ನಿಜ. ಆ ಕೊನೆಯ ಭಾಗವನ್ನು ಮಾಕ್ ಸ್ವತಃ ಕೇಳಿದವಳೇ ಅಲ್ಲ. ಜಕಾರ್ತಾದಲ್ಲಿ ಅಕ್ಕತಂಗಿಯರಿಗೆ ಒಂದೇ ಊಟದಂಗಡಿ ಇತ್ತು. ಈ ಕಡೆಯ ಎಲ್ಲ ಕುಟುಂಬಗಳ ಹಾಗೆ ಸರದಿ ಮೇಲೆ ನಡೆಸುತ್ತಿದ್ದರು. ಕೆಲವು ತಿಂಗಳು ಅಕ್ಕ ಅಲ್ಲಿ, ತಂಗಿ ಊರಲ್ಲಿ. ಆಮೇಲೆ ತಂಗಿ ಅಲ್ಲಿ, ಅಕ್ಕ ಊರಲ್ಲಿ. ರೇಡಿಯೋ ಅಂಗಡಿಯಲ್ಲೇ ಇರುತ್ತಿತ್ತು. ಸರದಿ ಬಿಟ್ಟುಕೊಡುವ ದಿನ ಒಬ್ಬಳು ಇನ್ನೊಬ್ಬಳಿಗೆ ಬೀಗದಕೈ ಕೊಟ್ಟು, ಅಲ್ಲಿಯವರೆಗಿನ ಕಥೆಯನ್ನೂ ಹೇಳಿ ಬಸ್ಸು ಹತ್ತುತ್ತಿದ್ದಳು. ಕೊನೆಯ ಭಾಗ ಬಂದಾಗ ಸರದಿ ಮಾಕ್‌ಳದೇ ಇತ್ತು. ಆದರೆ ಇಸ್ನಾ ಹುಟ್ಟುವವಳಿದ್ದಳು. ಅಕ್ಕನ ಸರದಿಯನ್ನೂ ಸೇರಿಸಿಕೊಂಡು ಕುನಿಪಾ ಒಬ್ಬಳೇ ಅಲ್ಲಿ ನಿಂತಳು.

ಮಧ್ಯಾಹ್ನದ ಪ್ರಾರ್ಥನೆಯ ಕರೆ ಕೇಳಿತು. ಮಾಕ್ ಗೋಡೆ ಹಿಡಿದು ಎದ್ದಳು. "ನಾನು ಬರೋ ಹೊತ್ತಿಗೆ ಉಂಡೆ ಆಗಿರಲಿ" ಎಂದು ಒಳಗೆ ಹೋದಳು.

ಕೋಣೆಯ ಪರದೆ ಬಿದ್ದದ್ದೇ ತಡ, ಇಸ್ನಾ ಹಸಿ ಆಲೂಗಡ್ಡೆ ಹೆಚ್ಚಿ ಎಣ್ಣೆಗೆ ಹಾಕಿದಳು. ಬೆಂದು ಬಂಗಾರದ ಬಣ್ಣಕ್ಕೆ ತಿರುಗಿದ ಹೋಳುಗಳನ್ನು ಕುಟ್ಟಿ, ಉಂಡೆ ಒತ್ತಿ, ಧಾರಾಳವಾಗಿ ಮೊಟ್ಟೆಯಲ್ಲಿ ಅದ್ದಿ ಬಾಣಲೆಗೆ ಬಿಟ್ಟಳು. ಒಂದೂ ಒಡೆಯಲಿಲ್ಲ.

ಅಷ್ಟರಲ್ಲಿ ಹಿತ್ತಲಿನಿಂದ ಕುನಿಪಾ ಬಂದಳು. ಸೆರಗಿನಂತೆ ಹೊದ್ದ ಬಟ್ಟೆಯ ಮೇಲೆಲ್ಲ ಧೂಳು, ಕೈಯಲ್ಲಿ ಪೆಟ್ಟಿಗೆ ಕಟ್ಟಿ ಉಳಿದ ಹಗ್ಗ. ಬೆಳಗಿನಿಂದ ಸಾಮಾನು ಕಟ್ಟಿ ಮುಖ ಜೋತುಬಿದ್ದಿತ್ತು.

"ಏನಿದು, ಮದುವೆ ಮನೆ ಆಗಿದೆ?" ಎಂದು ಸಾಲಾಗಿ ಇಟ್ಟಿದ್ದ ಬಟ್ಟಲುಗಳ ಮುಚ್ಚಳ ಒಂದೊಂದೇ ಎತ್ತಿದಳು. ತೆಂಪೆ. ಶಾವಿಗೆ. ಸೊಪ್ಪು. ಒಣಮೀನು ಹಾಕಿದ ಖಾರದ ಗೊಜ್ಜು. ಕೊನೆಯ ತಟ್ಟೆಯಲ್ಲಿ ಒಂದೇ ಒಂದು ಉಪ್ಪು ಮೊಟ್ಟೆ, ಇನ್ನೂ ಕತ್ತರಿಸದ್ದು. ಮುಚ್ಚಳ ಅವಳ ಕೈಯಲ್ಲೇ ನಿಂತಿತು.

"ಅಯ್ಯೋ. ಇನ್ನೂ ನೆನಪಿಟ್ಕೊಂಡಿದ್ದಾಳಾ?"

"ಬಿಬಿ" ಎಂದು ಇಸ್ನಾ ಚಿಕ್ಕಮ್ಮನನ್ನು ಕರೆದಳು. "ನಿಜ ಹೇಳು. ಈ ರಾಣಿಗೆ ಆಲೂಗಡ್ಡೆ ಎಲ್ಲಿಂದ ಬಂತು?"

ಕುನಿಪಾ ಪರದೆಯ ಕಡೆ ನೋಡಿದಳು. ಹಗ್ಗವನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು.

"ನಮ್ಮ ಅಂಗಡಿ ಗಾಜಿನ ಕಪಾಟಿನಿಂದ" ಎಂದಳು ಮೆಲ್ಲಗೆ.

"ಏನು?"

"ಮೆತ್ತಗೆ ಮಾತಾಡು. ನಸುಕಿನಲ್ಲೆದ್ದು ಸಂತೆ, ಆಮೇಲೆ ಅಡುಗೆ, ಆಮೇಲೆ ಗಿರಾಕಿ, ರಾತ್ರಿ ಪಾತ್ರೆ. ನಿಮ್ಮಮ್ಮ ಇದ್ದಿದ್ರೆ ಇಷ್ಟೊತ್ತಿಗೆ ಊರಲ್ಲಿ ಮಲಗಿರ್ತಿದ್ದೆ ಅಂತ ದಿನಾ ಅಂದ್ಕೊಳ್ತಿದ್ದೆ. ಅವತ್ತು ಕೊನೇ ಭಾಗ ಅಂತ ರೇಡಿಯೋ ಹತ್ತಿರ ಸ್ಟೂಲು ಹಾಕ್ಕೊಂಡು ಕೂತೆ. ಶುರುವಾಗೋ ಡೋಲು ಕೇಳಿಸ್ತು. ಕಣ್ಣು ಬಿಟ್ಟಾಗ ಕಷಾಯದ ಜಾಹೀರಾತು ಬರ್ತಿತ್ತು."

"ನಿದ್ದೆ ಮಾಡಿದ್ಯಾ?"

"ಕಲ್ಲು ಬಿದ್ದ ಹಾಗೆ."

"ಹಾಗಂತ ಹೇಳೋದಲ್ವಾ!"

"ಹೇಗೆ ಹೇಳ್ಲಿ? ನಿನ್ನ ಸೊಂಟಕ್ಕೆ ಕಟ್ಕೊಂಡು ಬಸ್ಸಿಳಿದು ಬಂದಳು. ಹೇಗಿದ್ದೀಯಾ ಕುನಿ, ಬಡವಾಗಿದ್ದೀಯಾ ಕುನಿ, ಊಹೂಂ. ಬಾಗಿಲಲ್ಲೇ ನಿಂತು, ರಾಣಿ ಏನು ಮಾಡಿದಳು ಅಂದಳು. ನನಗೆ ಎಲ್ಲಿತ್ತೋ ಸಿಟ್ಟು. ಅಡುಗೆ ಮಾಡಿದಳು ಅಂದೆ. ನಮಗಿನ್ನೇನು ಗೊತ್ತು? ಏನೇನು ಅಡುಗೆ ಅಂದಳು. ಎದುರಿಗೇ ಕಪಾಟಿತ್ತು. ಗಿರಾಕಿಗಳು ತಿಂದು ಉಳಿದಿದ್ದನ್ನ ಎಡದಿಂದ ಬಲಕ್ಕೆ ಹೇಳ್ಕೊಂಡು ಹೋದೆ. ಮೂಲೇಲಿ ಅರ್ಧ ಮೊಟ್ಟೆ ಬಿದ್ದಿತ್ತು, ಅದನ್ನೂ ಹೇಳಿದೆ."

"ಬೇಯಿಸಿದ ಆಲೂಗಡ್ಡೆ? ಮೊಟ್ಟೇಲಿ ಅದ್ದಬಾರದು?"

"ಬೇಯಿಸಿದಳು ಅಂತ ಬಾಯಿಗೆ ಬಂತು. ಮೊಟ್ಟೆ ಅವತ್ತು ಮುಗಿದಿತ್ತು."

ಇಸ್ನಾಳಿಗೆ ನಗಬೇಕೋ ಸೌಟು ಎಸೆಯಬೇಕೋ ತಿಳಿಯಲಿಲ್ಲ. ಎರಡು ಸಲ ಸಂತೆ, ಎರಡು ಸಲ ಶಾವಿಗೆ, ಮೈಯೆಲ್ಲ ಇದ್ದಿಲ ಹೊಗೆ. "ಉಳಿದ ಪಲ್ಯಕ್ಕೋಸ್ಕರ ನನ್ನ ಪ್ರಾಣ ತೆಗೆದಳು, ಬಿಬಿ! ಈಗಲೇ ಹೋಗಿ ಹೇಳ್ತೀನಿ."

ಕುನಿಪಾ ಅವಳ ಮೊಣಕೈ ಹಿಡಿದಳು. "ಬೇಡ, ನೊಕ್. ನಾನೇ ಹೇಳ್ತೀನಿ. ಅವತ್ತೇ ಸಂಜೆ ಹೇಳೋಣಾಂತಿದ್ದೆ. ಆದರೆ ಅವಳು ಅತ್ತುಬಿಟ್ಟಳು. ಆ ಹಳೇ ಅರ್ಧ ಮೊಟ್ಟೆಗೆ. ಅತ್ತ ಮೇಲೆ ಹೇಗೆ ಹೇಳೋದು? ಇವತ್ತು ಹೇಳಿಬಿಟ್ಟೇ ಹೋಗ್ತೀನಿ."

ಪರದೆ ಸರಿಯಿತು. ಮಾಕ್ ಬಂದವಳೇ ಉಂಡೆಗಳ ತಟ್ಟೆ ನೋಡಿದಳು. ಒಂದನ್ನು ಎತ್ತಿ, ತಿರುಗಿಸಿ, ಮೊಟ್ಟೆಯ ಹೊದಿಕೆಯನ್ನು ಉಗುರಿನಿಂದ ಕೆರೆದಳು.

"ನೋಡಿದ್ಯಾ? ಮನಸ್ಸಿಟ್ಟು ಮಾಡಿದ್ರೆ ನಿಲ್ಲುತ್ತೆ" ಎಂದಳು ಮಾಕ್.

ಮುಂದಿನ ಕೋಣೆಯಲ್ಲಿ ಚಾಪೆ ಹಾಸಿದರು. ಮಾಕ್ ನೋವಿನ ಕಾಲನ್ನು ಚಾಚಿಕೊಂಡು ಕೂತು, ಬೇರೆ ಯಾರನ್ನೂ ಸೌಟು ಮುಟ್ಟಲು ಬಿಡದೆ ಬಡಿಸಿದಳು. ಎಡದಿಂದ ಬಲಕ್ಕೆ: ತೆಂಪೆ, ಶಾವಿಗೆ, ಸೊಪ್ಪು, ಗೊಜ್ಜು, ಉಂಡೆ. ಕೊನೆಗೆ ಉಪ್ಪು ಮೊಟ್ಟೆಯನ್ನು ಸಿಪ್ಪೆಸಹಿತ ಚಾಕುವಿನಿಂದ ಎರಡು ಹೋಳು ಮಾಡಿದಳು. ಕಿತ್ತಳೆ ಬಣ್ಣದ ಹಳದಿಯಿಂದ ಎಣ್ಣೆ ಜಿನುಗಿತು. ಒಂದು ಹೋಳು ಕುನಿಪಾಳ ಎಲೆಗಿಟ್ಟಳು. ಇನ್ನೊಂದನ್ನು ತನ್ನ ಮುಂದಿನ ಲೋಟಕ್ಕೆ ಒರಗಿಸಿಟ್ಟಳು.

ಕುನಿಪಾ ಅದನ್ನೇ ನೋಡುತ್ತ ಕೂತಳು. ಅನ್ನಕ್ಕೆ ಕೈ ಹಾಕಲಿಲ್ಲ.

"ಯೂ, ಅಕ್ಕಾ, ನಿನಗೊಂದು ಹೇಳಬೇಕು. ಆ ಕೊನೇ ಭಾಗ ಬಂತಲ್ಲ, ಅವತ್ತು ನಾನು..."

"ಅವತ್ತು ನೀನು ಒಬ್ಬಳೇ ಇದ್ದೆ" ಎಂದಳು ಮಾಕ್. ಎಲೆಯಂಚಿಗೆ ಬಿದ್ದ ಶಾವಿಗೆಯನ್ನು ಬೆರಳಿನಿಂದ ಒಳಗೆ ತಳ್ಳಿದಳು. "ನನ್ನ ಸರದೀನೂ ನೀನೇ ಮಾಡಿದೆ. ಬಂದು ನೋಡಿದೆ, ನಿನ್ನ ಕೆನ್ನೆ ಎಲುಬು ಕಾಣ್ತಿತ್ತು. ಒಂದು ಮಾತು ಕೇಳಲಿಲ್ಲ ನಾನು. ಕಥೆ ಕೇಳಿದೆ." ಆಮೇಲೆ ರೇಗಿದವಳ ಹಾಗೆ, "ತಿನ್ನು, ಆರಿಹೋಗುತ್ತೆ. ಈ ಹುಡುಗಿ ಬೆಳಗಿಂದ ನನ್ನ ತಲೆ ತಿಂದು ಮಾಡಿದ್ದಾಳೆ" ಎಂದಳು.

ಇಸ್ನಾ ಚಿಕ್ಕಮ್ಮನ ಕಡೆ ಚಮಚ ಸರಿಸಿದಳು.

ಕುನಿಪಾ ತಿಂದಳು. ಮೊದಲು ನಿಧಾನವಾಗಿ, ಆಮೇಲೆ ಕೂಲಿಯವರು ಅಂಗಡಿಯಲ್ಲಿ ತಿನ್ನುವ ಹಾಗೆ ತಲೆ ಎತ್ತದೆ ತಿಂದಳು. ಮೊಟ್ಟೆಯ ಹೋಳನ್ನು ಚಮಚದಿಂದ ಸಿಪ್ಪೆ ಬರಿದಾಗುವವರೆಗೆ ಕೆರೆದಳು.

"ಹೇಗಿದೆ?" ಎಂದಳು ಮಾಕ್.

"ಗೊಜ್ಜಿಗೆ ಖಾರ ಸಾಲದು."

"ಕೇಳಿದ್ಯಾ, ನೊಕ್? ರಾಣೀದು ಇನ್ನೂ ಖಾರ ಇತ್ತು."

"ಆಗ ಮೆಣಸಿನಕಾಯೀನೇ..." ಎಂದು ಶುರುಮಾಡಿದ ಇಸ್ನಾ ಚಿಕ್ಕಮ್ಮನ ಮುಖ ನೋಡಿ ಬಿಟ್ಟಳು. "ಆಯ್ತು. ಇನ್ನೊಂದು ಸಲ ಹಾಕ್ತೀನಿ" ಎಂದು ಎಲೆಗಳನ್ನು ಎತ್ತಿಕೊಂಡು ಒಳಗೆ ಹೋದಳು.

ಮಣ್ಣಿನ ಕುಡಿಕೆಯಲ್ಲಿ ಮಲ್ಲಿಗೆ ಚಹಾ ಇಳಿಸಿ, ಲೋಟಗಳಿಗೆ ಕಲ್ಲುಸಕ್ಕರೆ ಹಾಕಿ ತರುವ ಹೊತ್ತಿಗೆ ಕುನಿಪಾ ಕೂತಲ್ಲೇ ಗೋಡೆಗೆ ತಲೆ ಆನಿಸಿ ನಿದ್ದೆ ಹೋಗಿದ್ದಳು. ಬಾಯಿ ಸ್ವಲ್ಪ ತೆರೆದಿತ್ತು. ಚಮಚ ಇನ್ನೂ ಬೆರಳ ಸಂದಿಯಲ್ಲೇ ಇತ್ತು. ಮಾಕ್ ಅವಳ ಪಕ್ಕಕ್ಕೆ ಸರಿದು, ಲೋಟಕ್ಕೆ ಒರಗಿಸಿಟ್ಟಿದ್ದ ತನ್ನ ಅರ್ಧ ಮೊಟ್ಟೆಯನ್ನು ಬಾಳೆಎಲೆಯ ತುಂಡಿನಲ್ಲಿ ಸುತ್ತಿ ತಂಗಿಯ ಕೈಚೀಲದೊಳಗೆ ಇಳಿಬಿಡುತ್ತಿದ್ದಳು.

ಇಸ್ನಾ ಚಹಾ ಬಗ್ಗಿಸಲು ಕುಡಿಕೆ ಎತ್ತಿದಳು. ಮಾಕ್ ತಟ್ಟನೆ ಲೋಟದ ಬಾಯಿಗೆ ಅಂಗೈ ಮುಚ್ಚಿ, ಬೇಡವೆಂದು ತಲೆಯಾಡಿಸಿದಳು. ಬಿಸಿ ಬಿದ್ದರೆ ಕಲ್ಲುಸಕ್ಕರೆ ಚಟ್ಟೆಂದು ಸಿಡಿಯುತ್ತದೆ, ಮಲಗಿದವಳಿಗೆ ಎಚ್ಚರವಾಗುತ್ತದೆ.

ಇಸ್ನಾ ಕುಡಿಕೆಯನ್ನು ಹಾಗೇ ಹಿಡಿದುಕೊಂಡು ಕೂತಳು.