ಸೋಮವಾರದ ಸುರಂಗ

ರೋಣದ ನಮ್ಮ ಕಾಲೇಜಿಗೆ ಫೈರ್‌ವಾಲ್ ಹಾಕಿದವಳು ನಾನೇ, ಕಂಪ್ಯೂಟರ್ ಕಲಿಸುವ ಮೆಹನಾಜ. ಮಕ್ಕಳು ಲ್ಯಾಬಿನಲ್ಲಿ ಸಿನಿಮಾ ನೋಡುತ್ತಾರೆಂದು ಸಿಟ್ಟಿಗೆದ್ದು ಹೊರಗಿನ ಬಾಗಿಲುಗಳನ್ನೆಲ್ಲ ಒಂದೊಂದಾಗಿ ಮುಚ್ಚಿದ್ದೆ. ಈಗ ಡಿಜಿಟಲ್ ನಾಣ್ಯ ಇಡುವ ಕ್ರಿಪ್ಟೊ ವಾಲೆಟ್ ನಡೆಸಲು ಹೋದರೆ ಆ ಗೋಡೆ ನನಗೇ ಅಡ್ಡ. ಮಾಡಿದ್ದುಣ್ಣೋ ಮಹಾರಾಯ!

ಗೋಡೆ ತೆಗೆಯಲು ಪ್ರಿನ್ಸಿಪಾಲ್ ರಾಘವೇಂದ್ರ ಸರ್ ಸುತಾರಾಂ ಒಪ್ಪಲಿಲ್ಲ, ಒಂದೇ ಒಂದು ಕಿಂಡಿ ಕೊಟ್ಟರು. ನನಗೆ ಅಷ್ಟೇ ಸಾಕಿತ್ತು. ಹೋದ ಮಂಗಳವಾರ ಲ್ಯಾಬ್ ಸಹಾಯಕ ಸಂಗನಬಸವನ ಊರಾದ ಬೆಳವಣಕಿಯ ಮನೆಯಲ್ಲಿ ಒಂದು ಹಳೆಯ ಕಂಪ್ಯೂಟರ್ ಇಟ್ಟು, ನಮ್ಮ ಕಿಂಡಿಯಿಂದ ಅಲ್ಲಿಯವರೆಗೆ ಗುಪ್ತ ಸುರಂಗ ಕೊರೆದೆವು. ಅದರೊಳಗೆ ಹಾಯುವ ಮಾತನ್ನು ದಾರಿಯಲ್ಲಿ ಯಾರೂ ಓದಲಾರರು. ಅಲ್ಲಿನ ಕಂಪ್ಯೂಟರ್ ಹಗಲೂ ರಾತ್ರಿ ಎಚ್ಚರವಿದ್ದು ನಾಣ್ಯಲೋಕದ ಸುದ್ದಿ ತರುತ್ತಿತ್ತು, ನನ್ನ ಲ್ಯಾಪ್‌ಟಾಪಿನ ವಾಲೆಟ್ ಇಲ್ಲಿ ಕೂತು ಕೇಳುತ್ತಿತ್ತು. ಕಲಿಯುವವರಿಗೆಂದೇ ಇರುವ ನಾಣ್ಯಗಳವು, ಬೆಲೆ ಸೊನ್ನೆ. ಆದರೂ ಮೊದಲ ಸಲ ಸುರಂಗ ತೆರೆದಾಗ, ನಲವತ್ತೊಂದರ ನಾನು ಕುರ್ಚಿ ಬಿಟ್ಟೆದ್ದು ಕುಣಿದಿದ್ದೆ.

ಸೋಮವಾರ ಹನ್ನೆರಡರೊಳಗೆ ಸರ್ ಕಣ್ಣೆದುರು ಒಂದು ನಾಣ್ಯ ವಾಲೆಟ್ಟಿಗೆ ಬಂದು ಬೀಳಬೇಕಿತ್ತು. ಬಿದ್ದರೆ ಡಿಜಿಟಲ್ ನಾಣ್ಯದ ನನ್ನ ಹೊಸ ಕೋರ್ಸ್ ಶುರು. ಇಲ್ಲವೆಂದರೆ ನಿವೃತ್ತಿಯವರೆಗೂ ಟೈಪಿಂಗ್ ಕಲಿಸಿಕೊಂಡಿರುವುದೇ ಗತಿ. ಎರಡು ವರ್ಷ ಅವರ ಬೆನ್ನು ಹತ್ತಿ ಪಡೆದ ಅವಕಾಶವಿದು.

ಹನ್ನೊಂದೂವರೆಗೆ ಸಂಗನಬಸವ ತನ್ನ ಮೊಬೈಲಿನಿಂದ ನಾಣ್ಯ ಕಳಿಸಿದ. ವಾಲೆಟ್ ತೆಪ್ಪಗಿತ್ತು. ಸುರಂಗ ಕಡಿದುಹೋಗಿತ್ತು! ಕಿಂಡಿ ನೋಡಿದೆ, ಪಾಸ್‌ವರ್ಡ್ ನೋಡಿದೆ, ವೈರು ತೆಗೆದು ಮತ್ತೆ ಚುಚ್ಚಿದೆ. ನಮ್ಮ ಕಡೆ ಎಲ್ಲ ಸರಿಯಿತ್ತು. ಇನ್ನು ಹತ್ತು ನಿಮಿಷವಿದೆ ಎನ್ನುವಾಗ ಸರ್ ಬಂದು ಕೂತರು. ಸಂಗನಬಸವ ಮನೆಗೆ ಫೋನ್ ಹಚ್ಚಿದ, ಮಾತಾಡುತ್ತಲೇ ಅವನ ಮುಖ ಸಣ್ಣದಾಯಿತು.

ಅವನ ಅಪ್ಪ ಅರ್ಜುನಪ್ಪ ಬೆಳಗ್ಗೆಯೇ ಕಂಪ್ಯೂಟರ್ ಬಂದ್ ಮಾಡಿ, ವಿಭೂತಿ ಹಚ್ಚಿ, ಮೇಲೊಂದು ಹೂವಿಟ್ಟಿದ್ದರಂತೆ. ಬಸವಣ್ಣನ ವಾರವೆಂದು ಸೋಮವಾರ ಎತ್ತು ಹೂಡದ ಮನೆ ಅದು. ಆರು ದಿನ ಕಣ್ಣು ಮುಚ್ಚದೆ ದುಡಿದದ್ದಕ್ಕೆ ಒಂದು ದಿನವಾದರೂ ಬಿಡುವು ಬೇಡವೇ ಎಂದು ಅವರೇ ಮಗನನ್ನು ಗದರಿಸುತ್ತಿದ್ದರು.

ನನಗೆ ಸಿಟ್ಟು ನೆತ್ತಿಗೇರಿತು. ಆದರೆ ಆ ಮನೆಯ ರೊಟ್ಟಿ ಉಂಡವಳು ನಾನು, ಅರ್ಜುನಪ್ಪ ಕೂಗಾಟಕ್ಕೆ ಬಗ್ಗುವವರಲ್ಲ ಎಂದು ಗೊತ್ತು. ಫೋನ್ ಕಸಿದುಕೊಂಡೆ.

“ಕಾಕಾ, ಇವತ್ತ ಎಮ್ಮಿ ಹಿಂಡೀರೇನ್ರಿ?”

“ಹಿಂಡದ ಬಿಟ್ಟರ ಕೆಚ್ಚಲ ಬಾವ ಬರತದಲ್ಲ ತಂಗಿ.”

“ಹಂಗಾದ್ರ ಆ ಕಂಪ್ಯೂಟರ್ ಎತ್ತಲ್ರಿ ಕಾಕಾ, ಎಮ್ಮಿ. ಹಾಲ ತುಂಬಿ ನಿಂತೈತಿ.”

ಅರ್ಜುನಪ್ಪ ಗಹಗಹಿಸಿ ನಕ್ಕರು. ಹಿಂಡುವುದು ಮುಗಿದ ಕೂಡಲೇ ಮತ್ತೆ ಬಂದ್ ಮಾಡುತ್ತೇನೆಂದು ಷರತ್ತು ಹಾಕಿ ಸ್ವಿಚ್ ಒತ್ತಿದರು.

ಸುರಂಗ ತೆರೆಯಿತು! ಬೆಳಗ್ಗೆಯಿಂದ ತಪ್ಪಿಹೋದ ಸುದ್ದಿಯನ್ನೆಲ್ಲ ವಾಲೆಟ್ ಓದತೊಡಗಿತು. ಶೇಕಡಾ ತೊಂಬತ್ತು, ತೊಂಬತ್ತೈದು, ತೊಂಬತ್ತೆಂಟು. ಹನ್ನೆರಡಕ್ಕೆ ಒಂದು ನಿಮಿಷವಿರುವಾಗ ಹಸಿರು ಅಕ್ಷರ ಮೂಡಿತು: ಒಂದು ನಾಣ್ಯ ಬಂದಿದೆ. ಸಂಗನಬಸವ ಫೋನಿನಲ್ಲೇ ಅಪ್ಪನಿಗೂ ಸುದ್ದಿ ಮುಟ್ಟಿಸಿದ. ನಾನು ಮತ್ತೆ ಕುಣಿದೆ, ಸರ್ ಎದುರಿಗೇ.

ಸರ್‌ಗೂ ಹುರುಪು ಬಂತು. ಅದೇ ನಾಣ್ಯ ವಾಪಸ್ ಕಳಿಸಿ ನೋಡೋಣ ಎಂದು ಕುರ್ಚಿ ಹತ್ತಿರ ಎಳೆದುಕೊಂಡರು. ನಾನು ಗುಂಡಿ ಒತ್ತಿದೆ. ಪರದೆ ಕದಲಲಿಲ್ಲ.

“ಸರ್, ಹಿಂಡೋದು ಮುಗೀತ್ರಿ,” ಎಂದೆ. “ಇನ್ನೇನಿದ್ರೂ ನಾಳೆನ.”

ನಡೆದದ್ದನ್ನೆಲ್ಲ ಹೇಳಿದೆ. ಸರ್ ನಗಲಿಲ್ಲ. ಜೇಬಿನಿಂದ ಪೆನ್ನು ತೆಗೆದು, ಹೊಸ ವೇಳಾಪಟ್ಟಿಯಲ್ಲಿ ನನ್ನ ಕೋರ್ಸಿನ ಹೆಸರು ಬರೆದು, ಅದರ ಮುಂದೆ ಮಂಗಳವಾರ ಎಂದು ಬರೆದರು.